ಹೊಸ ಕೌದಿಯನ್ನು ಹಳೆಯದು ಮಾಡಿದ ಬೇಸಿಗೆ

ಮೇಲಿನ ಮಹಡಿಯ ಹುಡುಗಿಗೆ ಆಗ ಏಳು ವರ್ಷ. ಅವಳ ಅಮ್ಮ ತುಂಬು ಬಸುರಿ, ಮಧ್ಯಾಹ್ನ ಸ್ವಲ್ಪ ಹೊತ್ತು ಅಡ್ಡಾಗಲೇಬೇಕು. ಬೇಸಿಗೆ ರಜೆಯಲ್ಲಿ ಮಲಗಬೇಕಾದ ಬಸುರಿಯೂ ಮಲಗದ ಮಗುವೂ ಒಂದೇ ಮನೆಯಲ್ಲಿರುವುದು ಆಗದ ಮಾತಾದ್ದರಿಂದ, ಊಟವಾದ ಮೇಲೆ ಹುಡುಗಿಯನ್ನು ನಮ್ಮ ಮನೆಗೆ ಕಳಿಸುತ್ತಿದ್ದರು. ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಆ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಮಾಡುವುದಕ್ಕೆ ಫ್ಯಾನ್ ನೋಡುವುದೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ದಿಂಬಿನ ಚೀಲಗಳ ಬಿಟ್ಟ ಹೊಲಿಗೆ ಹಾಕುತ್ತಾ ಕೂರುತ್ತಿದ್ದೆ. ಅವಳು ನೋಡುತ್ತಾ ಕೂರುತ್ತಿದ್ದಳು.

"ಮಾಮಿ, ನನಗೂ ಊಸಿ ಕೊಡಿ" ಎಂದಳು ಒಂದು ದಿನ. ಊಸಿ ಎಂದರೆ ಸೂಜಿ. ಆ ಮಗುವಿನ ಕನ್ನಡದಲ್ಲಿ ಅರ್ಧ ಅಮ್ಮನ ಕಡೆಯದು, ಉಳಿದದ್ದೆಲ್ಲ ಸ್ಕೂಲ್ ವ್ಯಾನಿನಿಂದ ಬಂದ ತಮಿಳು.

ಸೂಜಿ ಕೊಟ್ಟೆ. ಕೊಡುವಾಗ ಬಾಯಿ ಸುಮ್ಮನಿರದೆ, ನಮ್ಮ ತುಮಕೂರಿನ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಚೂರು ಬಟ್ಟೆಗಳನ್ನು ಇಟ್ಟು, ಕೈಯಲ್ಲೇ ಹೊಲಿದು ಕೌದಿ ಮಾಡುತ್ತಾರೆ, ಹುಟ್ಟಿದ ಮಗುವನ್ನು ಅದರ ಮೇಲೇ ಮಲಗಿಸುತ್ತಾರೆ ಎಂದು ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಎದ್ದು ಮೇಲಕ್ಕೆ ಹೋಗಿ, ಮಲಗಿದ್ದ ಅಮ್ಮನನ್ನು ಎಬ್ಬಿಸಿ, ನಮ್ಮ ಪಾಪು ನಾನು ಹೊಲಿದ ಕೌದಿಯ ಮೇಲೇ ಮೊದಲು ಮಲಗಬೇಕು, ಬೇರೆ ಯಾವುದರ ಮೇಲೂ ಮಲಗಿಸಕೂಡದು ಎಂದು ತಿಳಿಸಿ ಬಂದಳು. ಸಂಜೆಯೊಳಗೆ ವಾಚ್‌ಮನ್‌ಗೂ ವಿಷಯ ಗೊತ್ತಾಗಿತ್ತು.

ನಮ್ಮ ಕಟ್ಟಡದಲ್ಲಿ ಒಂದು ಮಗು ಏನಾದರೂ ಕಲಿಯುತ್ತಿದೆ ಎಂದು ಗೊತ್ತಾದರೆ ಉಳಿದ ಮಕ್ಕಳ ತಾಯಂದಿರಿಗೆ ಅನ್ನ ಸೇರುತ್ತಿರಲಿಲ್ಲ. ಮರುದಿನವೇ ಎರಡನೇ ಮಹಡಿಯ ತಾಯಿ ಬಂದರು. ಅವರೂ ಕನ್ನಡದವರೇ. ಅವರ ಮಗ ಬೆಳಿಗ್ಗೆ ಅಬಾಕಸ್, ಸಂಜೆ ಕೀಬೋರ್ಡ್, ನಡುವೆ ಈಜು ಕಲಿಯುತ್ತಿದ್ದ. ಮಧ್ಯಾಹ್ನ ಮಾತ್ರ ಏನೂ ಕಲಿಯದೆ ವ್ಯರ್ಥವಾಗಿ ನಿದ್ದೆ ಮಾಡುತ್ತಿದ್ದ. ನಾನು ಮನಸ್ಸಿನಲ್ಲಿ ಆಕೆಯನ್ನು ಅಬಾಕಸ್ ತಾಯಿ ಎಂದೇ ಕರೆಯುತ್ತಿದ್ದೆ.

"ಮಾಮಿ, ಇದಕ್ಕೆ ಸಿಲಬಸ್ ಏನಾದ್ರೂ ಇದೆಯಾ?"

"ಸೂಜಿಗೆ ದಾರ ಹಾಕೋದು, ಗಂಟು ಹಾಕೋದು, ಹೊಲಿಯೋದು, ತಪ್ಪಾದ್ರೆ ಬಿಚ್ಚೋದು."

"ಬಿಚ್ಚೋದೂ ಹೇಳ್ಕೊಡ್ತೀರಾ?"

"ಬಿಚ್ಚೋದೇ ಜಾಸ್ತಿ."

"ಲೆವೆಲ್ಸ್ ಎಷ್ಟು? ಅಬಾಕಸ್‌ನಲ್ಲಿ ಲೆವೆಲ್ಸ್ ಇದೆ. ಕೊನೇಲಿ ಸರ್ಟಿಫಿಕೇಟ್ ಕೊಡ್ತೀರಿ ತಾನೇ?"

ಕೌದಿ ಕೊಡ್ತೀವಿ ಎಂದೆ. ಅವರಿಗೆ ಅಷ್ಟು ಸಮಾಧಾನವಾಗಲಿಲ್ಲ. ಆದರೂ ಹುಡುಗನನ್ನು ಕಳಿಸಿದರು. ಅವನ ಹಿಂದೆ ಇನ್ನೂ ನಾಲ್ಕಾರು ಮಕ್ಕಳು ಬಂದರು. ಒಬ್ಬೊಬ್ಬರೂ ಒಂದೊಂದು ಚೌಕ ಹೊಲಿಯುವುದು, ಎಲ್ಲವನ್ನೂ ಸೇರಿಸಿ ಪಾಪುವಿಗೆ ಕೌದಿ ಮಾಡುವುದು ಎಂದಾಯಿತು. ಮೇಲಿನ ಮಹಡಿಯ ಹುಡುಗಿ ಒಪ್ಪಿದಳು. ಆದರೆ ಚೌಕಗಳನ್ನು ಸೇರಿಸುವ ಹೊಲಿಗೆ ತನ್ನದೇ, ನಡುವಿನ ಚೌಕವೂ ತನ್ನದೇ ಎಂದು ಮೊದಲೇ ಹೇಳಿಬಿಟ್ಟಳು.

"ಹಳೇ ಸೀರೆ ಇದ್ರೆ ಕಳಿಸಿ, ಎಷ್ಟು ಹಳೇದಾದ್ರೆ ಅಷ್ಟು ಒಳ್ಳೇದು" ಎಂದು ತಾಯಂದಿರಿಗೆ ಹೇಳಿದೆ. ಇದು ಅವರನ್ನು ಕೇಳಬಾರದ ಪ್ರಶ್ನೆಯೆಂದು ನನಗೆ ತಿಳಿಯಬೇಕಿತ್ತು.

"ನಮ್ಮನೇಲಿ ಪಳಸು ಅಂತ ಯಾವುದೂ ಇಟ್ಕೊಳಲ್ಲ ಮಾಮಿ" ಎಂದರು ಒಬ್ಬರು. ಪಳಸು ಎಂದರೆ ಹಳೆಯದು. ಕನ್ನಡದಲ್ಲಿ ಹೇಳಿದರೆ ಎಲ್ಲಿ ತಮಗೇ ಅಂಟಿಕೊಳ್ಳುತ್ತದೋ ಎಂಬಂತೆ ಅದನ್ನು ತಮಿಳಿನಲ್ಲಿ ಹೇಳಿದರು. ಇನ್ನೊಬ್ಬರು ಹಳೆಯ ಸೀರೆಗಳನ್ನೆಲ್ಲ ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಂಡಿದ್ದರು. ಅಬಾಕಸ್ ತಾಯಿ ಮಾತ್ರ ನೇರವಾಗಿ ಹೇಳಿದರು: "ನಮ್ಮ ಮಗನ ಚೌಕ ಮಂಕಾಗಿ ಕಂಡ್ರೆ ನಾಳೆ ಯಾರು ಮಾತು ಕೇಳೋರು?"

ಹೀಗೆ ಬಂದವು ಬಟ್ಟೆಗಳು. ಟಿ. ನಗರದ ಅಂಗಡಿಯ ಬಿಲ್ಲಿನ ಸಮೇತ ಬಂದವು. ಪರದೆಯ ಬಟ್ಟೆ ಬಂತು. ಹಿಡಿದರೆ ಜಾರುವ ಪಾಲಿಯೆಸ್ಟರ್ ಬಂತು. ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದ ರವಿಕೆ ಕಣಗಳು ಮಡಿಕೆ ಬಿಚ್ಚದೆ ಬಂದವು. ಅವುಗಳಲ್ಲಿ ಒಂದನ್ನು ಹಿಂದಿನ ನವರಾತ್ರಿಯಲ್ಲಿ ನಾನೇ ಕೊಟ್ಟಿದ್ದೆ. ಅಷ್ಟು ಮನೆ ಸುತ್ತಿಯೂ ಹೊಸದಾಗೇ ಉಳಿದಿತ್ತು. ಅಬಾಕಸ್ ತಾಯಿ ಜರಿ ಅಂಚಿನ ರೇಷ್ಮೆಯನ್ನು ಕಳಿಸಿದರು. ಜೊತೆಗೆ ಸಂದೇಶವೂ ಬಂತು: "ದಯವಿಟ್ಟು ನೆನೆಸಬೇಡಿ, ಬಣ್ಣ ಹೋಗುತ್ತೆ." ಉಳಿದವರೂ ಅದನ್ನೇ ಹೇಳಿದರು.

ನೆನೆಸದ ಹೊಸ ಬಟ್ಟೆ ಎಂದರೆ ಗಂಜಿ ಹಾಕಿದ ಹಲಗೆ. ಏಳು ವರ್ಷದ ಬೆರಳು ತಳ್ಳಿದರೆ ಸೂಜಿ ಬಾಗುತ್ತದೆ, ಬಟ್ಟೆ ಬಾಗುವುದಿಲ್ಲ. ದಿನವೂ ಮೂಲೆ ಮೂಲೆಯಿಂದ "ಉಳ್ಳೆ ಪೋಗಲೆ ಮಾಮಿ", ಒಳಗೇ ಹೋಗ್ತಿಲ್ಲ ಎಂಬ ದೂರು. ಪದೇ ಪದೇ ದಾರ ಪೋಣಿಸುವ ಕಷ್ಟವೇ ಬೇಡವೆಂದು ಎಲ್ಲರೂ ತಮಗಿಂತ ಉದ್ದದ ದಾರ ತೆಗೆದುಕೊಳ್ಳುತ್ತಿದ್ದರು. ಒಂದು ಹೊಲಿಗೆ ಹಾಕಿ ದಾರ ಎಳೆಯಲು ಎದ್ದು ಬಾಗಿಲ ತನಕ ನಡೆದು ಹೋಗುವವರೂ ಇದ್ದರು. ಅಬಾಕಸ್ ಹುಡುಗ ಬಹಳ ಶ್ರದ್ಧೆಯಿಂದ ತಲೆ ಎತ್ತದೆ ಹೊಲಿದ; ಮನೆಗೆ ಹೊರಡುವಾಗ ಕೌದಿಯ ಚೌಕವನ್ನೂ ತನ್ನ ಚಡ್ಡಿಯನ್ನೂ ಸೇರಿಸಿ ಹೊಲಿದಿದ್ದನೆಂದು ತಿಳಿಯಿತು. ಬಿಚ್ಚುವುದು ಹೇಳಿಕೊಟ್ಟಿದ್ದು ಆ ದಿನ ಉಪಯೋಗಕ್ಕೆ ಬಂತು.

ಕೌದಿಯ ಒಳಗೆ ಹಾಕಲು ನಮ್ಮವರ ಹಳೆಯ ಪಂಚೆಗಳನ್ನು ತೆಗೆದೆ. ಕೆಳಭಾಗಕ್ಕೆ ಹಾಕಲು, ಫಿನಿಶಿಂಗ್ ಚೆನ್ನಾಗಿರಲಿ ಎಂದು ತಾಯಂದಿರೆಲ್ಲ ಸೇರಿ ಹೊಸ ಲಾಂಗ್‌ಕ್ಲಾತ್ ತರಿಸಿಕೊಟ್ಟರು. ಚೌಕಗಳನ್ನು ಸೇರಿಸಿದ್ದು, ಹೇಳಿದ ಹಾಗೆ, ಆ ಹುಡುಗಿಯೇ. ಬೆರಳಿಗೆ ಹಾಕುವ ತಗಡಿನ ಟೋಪಿ ಅವಳ ಹೆಬ್ಬೆರಳಿಗೂ ದೊಡ್ಡದಾಗಿತ್ತು. ಒಳಗೆ ಹತ್ತಿ ತುರುಕಿಕೊಂಡು ಹೊಲಿದಳು. ಅವಳ ಸಾಲುಗಳು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತಿದ್ದವು, ಆದರೆ ಒಂದೂ ಬಿಚ್ಚಿಕೊಳ್ಳಲಿಲ್ಲ. ಕೌದಿ ಮುಗಿದ ವಾರವೇ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಅವಳಿಗೆ ತಂಗಿ ಹುಟ್ಟಿದಳು.

ಬಾಣಂತನಕ್ಕೆ ಹಾಸನದಿಂದ ಅವಳ ಅಜ್ಜಿ ಬಂದರು. ತಾಯಿ ಮಗು ಮನೆಗೆ ಬಂದ ದಿನ ನಾನೂ ಹುಡುಗಿಯ ಜೊತೆ ಮೇಲೆ ಹೋದೆ. ಅವಳು ಕೌದಿಯನ್ನು ತಟ್ಟೆಯಲ್ಲಿ ನೈವೇದ್ಯ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅಜ್ಜಿ ಬಿಡಿಸಿ ಹಾಸಿದರು. ಕೌದಿ ನೆಲಕ್ಕೆ ಅಂಟದೆ ಹಪ್ಪಳದ ಹಾಗೆ ಅಂಚೆತ್ತಿ ಕೂತಿತು.

"ಇದೇನೇ ಇದು, ತಡಿಕೆ ಇದ್ದಂಗಿದೆ! ಎಲ್ಲಾ ಹೊಸ ಬಟ್ಟೆ."

"ಪಾಪುಗೆ ಅಜ್ಜಿ. ನಾನೇ ತೈಚ್ಚೆ" ಎಂದಳು, ನಾನೇ ಹೊಲಿದೆ ಎಂದು.

"ಹೊಲಿದಿದ್ದೀಯ ಕಂದಾ, ಚೆನ್ನಾಗಿದೆ. ಆದ್ರೆ ಎಳೇ ಮೈಗೆ ಹೊಸ ಬಟ್ಟೆ ತಾಕಿಸ್ಬಾರ್ದು. ನಮ್ಮ ಮನೇಲಿ ಆ ಪದ್ಧತಿ ಇಲ್ಲ." ಅಜ್ಜಿ ನನ್ನ ಕಡೆ ತಿರುಗಿದರು. "ಒಳಗೇನ್ ಹಾಕಿದ್ದೀರಮ್ಮಾ?"

"ನಮ್ಮನೆಯವರ ಹಳೇ ಪಂಚೆ."

"ನೋಡಿ ಮತ್ತೆ. ಮೈಗೆ ತಾಕ್ಬೇಕಾದ್ದನ್ನ ಒಳಗೆ ಬಚ್ಚಿಟ್ಟು, ಬಚ್ಚಿಡ್ಬೇಕಾದ್ದನ್ನ ಹೊರಗೆ ಹಾಕಿದ್ದೀರಿ!"

ಅಜ್ಜಿಯೇನೂ ಸಾಮಾನ್ಯರಲ್ಲ. ತಾವು ಮಾತ್ರ ಮಡಿಕೆ ಮುರಿಯದ ನೈಲೆಕ್ಸ್ ಸೀರೆಯನ್ನೇ ಉಡುತ್ತಿದ್ದರು, ಕಾಫಿಯ ಲೋಟ ಸರಿಯಿಲ್ಲವೆಂದು ಮೂರು ಸಲ ಬದಲಾಯಿಸುತ್ತಿದ್ದರು. ಆದರೆ ಮಗುವಿಗೆಂದು ಊರಿನಿಂದ ಒಂದು ಚೀಲದ ತುಂಬ ಹಳೆಯ ಸೀರೆ ಹೊತ್ತು ತಂದಿದ್ದರು. ಅದರಲ್ಲೇ ಇನ್ನೊಂದು ಕೌದಿ ಹೊಲಿಯೋಣ ಬಾ ಎಂದರೆ ಹುಡುಗಿ ಒಪ್ಪಲಿಲ್ಲ. ಅದು ಅಜ್ಜಿಯ ಸೀರೆ. ಇದು ತನ್ನ ಕೌದಿ. ನಾಮಕರಣಕ್ಕೆ ನೆಂಟರು ಅಂಗಡಿಯ ಹಾಸಿಗೆ, ಕೊಡೆಯಂಥ ಸೊಳ್ಳೆಪರದೆ ಎಲ್ಲ ತರುತ್ತಾರೆ, ಆಮೇಲೆ ತನ್ನದು ಬೀರು ಸೇರುತ್ತದೆ ಎನ್ನುವುದು ಅವಳಿಗೆ ಯಾರೂ ಹೇಳದೆಯೇ ಗೊತ್ತಿತ್ತು.

ಮೆಟ್ಟಿಲಿಳಿಯುವಾಗ ಅಳಲಿಲ್ಲ. "ಮಾಮಿ, ಬಟ್ಟೆ ಹೇಗೆ ಪಳಸಾಗತ್ತೆ?" ಎಂದು ಕೇಳಿದಳು.

"ಉಡ್ತಾ ಉಡ್ತಾ, ಒಗೀತಾ ಒಗೀತಾ ಆಗತ್ತೆ. ವರ್ಷಗಟ್ಟಲೆ ಬೇಕು ಪುಟ್ಟಿ."

"ನಮ್ಮ ಬೋರ್ ನೀರಲ್ಲಿ ಒಗೆದ್ರೂನಾ?"

ಇದು ಯೋಚಿಸಬೇಕಾದ ಮಾತಾಗಿತ್ತು. ನಮ್ಮ ಕಟ್ಟಡದ ಬೋರಿನ ನೀರು ಅಂಥದ್ದು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ, ಹೊಸ ಬಕೆಟ್ಟಿಗೆ ತಿಂಗಳೊಳಗೆ ಹಳದಿ ಪದರ ಕಟ್ಟುತ್ತಿತ್ತು. ತಾಯಂದಿರೆಲ್ಲ ಸೇರಿ ಬೈಯುತ್ತಿದ್ದ ಆ ನೀರಿನಿಂದ ಒಂದು ಒಳ್ಳೆಯ ಕೆಲಸವಾಗಬಹುದೆಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಮೇಲೆ ಟೆರೇಸಿನಲ್ಲಿ ಚೆನ್ನೈನ ಮೇ ತಿಂಗಳ ಬಿಸಿಲಿತ್ತು.

ಮರುದಿನದಿಂದ ತರಗತಿ ಟೆರೇಸಿಗೆ ಹೋಯಿತು. ಆ ಬೇಸಿಗೆಯಲ್ಲಿ ಮಕ್ಕಳು ಅಷ್ಟು ಮನಸ್ಸಿಟ್ಟು ಕಲಿತದ್ದು ಬೇರೆ ಯಾವುದೂ ಇಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕೌದಿಯನ್ನು ನೆನೆಸಿ ತುಳಿಯುವರು. ಇಬ್ಬರು ಎರಡು ಕಡೆ ಹಿಡಿದು ಹಿಂಡುವರು. ಒಣಗಿಸುವರು, ಮತ್ತೆ ನೆನೆಸುವರು. ಒಣಗಿದಾಗ ಸರದಿಯ ಮೇಲೆ ಅದರ ಮೇಲೆ ಹೊರಳುವರು. ಒಬ್ಬಳು ಅದನ್ನು ಹೊದ್ದುಕೊಂಡೇ ರಜೆಯ ಹೋಂವರ್ಕ್ ಮಾಡಿದಳು. ಅಬಾಕಸ್ ಹುಡುಗ ಅವನ ತಾತನ ಲುಂಗಿಯನ್ನು ಹೇಳದೆ ತಂದು, "ಇವ್ವಳವು ಪಳಸು ಆಗಣುಂ" ಎಂದು ಅಳತೆಗೆ ಇಟ್ಟುಕೊಂಡ. ಇಷ್ಟು ಹಳೆಯದಾಗಬೇಕು. ದಿನವೂ ಲುಂಗಿಗೂ ಕೌದಿಗೂ ಕೆನ್ನೆಯಿಟ್ಟು ನೋಡಿ, ಇಲ್ಲ, ಇನ್ನೂ ಆಗಿಲ್ಲ ಎಂದು ತಲೆಯಾಡಿಸುವುದು ಅವನ ಕೆಲಸ.

ರವಿಕೆ ಕಣದ ಕೆಂಪು ಬಣ್ಣ ಪರದೆ ಬಟ್ಟೆಯ ಮೇಲಿಳಿಯಿತು. ಜರಿ ಕಪ್ಪಾಯಿತು, ಎಳೆಗಳು ಚುಚ್ಚುತ್ತವೆಂದು ಹುಡುಗಿಯೇ ಕೂತು ಅಂಚು ಬಿಚ್ಚಿದಳು. ಅದೇ ಹೊತ್ತಿಗೆ ಅಬಾಕಸ್ ತಾಯಿ ಮಗನನ್ನು ಕೀಬೋರ್ಡಿಗೆ ಕರೆಯಲು ಮೇಲೆ ಬಂದರು.

"ಐಯ್ಯಯ್ಯೋ! ಅದು ಕಾಂಚೀಪುರಂದು ಮಾಮಿ! ನೆನೆಸಬೇಡಿ ಅಂತ ಹೇಳಿದ್ನಲ್ಲ!"

"ಪಾಪು ಮಲಗ್ಬೇಕಲ್ಲಮ್ಮ, ಅದಕ್ಕೆ ಹಳೇದು ಮಾಡ್ತಿದ್ದೀವಿ."

"ಹಳೇದು ಮಾಡೋದಾ? ಇದೂ ಸಿಲಬಸ್ಸಲ್ಲಿದೆಯಾ?"

"ಇದು ಲೆವೆಲ್ ಟೂ" ಎಂದೆ.

ಆಕೆ ಬಾಗಿ ಕೌದಿಯನ್ನು ಮುಟ್ಟಿ ನೋಡಿದರು. ಆಮೇಲೆ ಮಗನನ್ನು ನೋಡಿ, "ಸರಿಯಾಗಿ ಮಾಡೋ" ಎಂದು ಹೇಳಿ ಇಳಿದು ಹೋದರು. ಕೀಬೋರ್ಡ್ ಆ ದಿನ ತಪ್ಪಿತು.

ನಾಮಕರಣದ ಬೆಳಿಗ್ಗೆ ಹುಡುಗಿ ಕೌದಿಯನ್ನು ಮತ್ತೆ ಅಜ್ಜಿಯ ಮುಂದೆ ಹಿಡಿದಳು. ತೊಟ್ಟಿಲಿಗೆ ಹೂ ಕಟ್ಟಿಯಾಗಿತ್ತು, ಒಳಗೆ ಹಾಸಲು ಅಜ್ಜಿಯ ಸೀರೆ ಮಡಿಸಿ ಇಟ್ಟಿತ್ತು. ಮೂಲೆಯಲ್ಲಿ ಅಂಗಡಿಯ ಹಾಸಿಗೆಗಳು ಪ್ಲಾಸ್ಟಿಕ್ ಕವರಿನಲ್ಲಿ ಕಾಯುತ್ತಿದ್ದವು. ಅಜ್ಜಿ ಕೌದಿಯನ್ನು ಕೆನ್ನೆಗೆ ಒತ್ತಿಕೊಂಡರು, ಒಳಗೈಗೆ ಉಜ್ಜಿದರು.

"ಮೆತ್ತಗಾಗಿದೆ. ಆದ್ರೂ ಹಳೇದು ಅನ್ನಕ್ಕಾಗಲ್ಲ ಕಣೇ. ಸೀರೆ ಕೆಳಗೆ ಹಾಸ್ತೀನಿ ಬಿಡು."

"ಕೆಳಗೆ ಬೇಡ. ಮೇಲೆ."

"ನೋಡಿ ಇವಳ ಹಟ! ಅವಳಮ್ಮನೂ ಹೀಗೇ ಇದ್ಲು."

"ಮೇಲೆ ಅಜ್ಜಿ."

ಬಾಣಂತಿ ಒಳಗಿನಿಂದಲೇ ಕೂಗಿದಳು: "ಹಾಕ್ಬಿಡಮ್ಮಾ, ಅವಳು ಬಿಡಲ್ಲ."

"ಶಾಸ್ತ್ರ ಮುಗಿಯೋ ತನಕ ಮಾತ್ರ. ಆಮೇಲೆ ತೆಗೀತೀನಿ. ಆಯ್ತಾ?" ಎಂದು ಅಜ್ಜಿ ಸೀರೆಯ ಮೇಲೆ ಕೌದಿ ಹಾಸಿದರು.

ಮಗುವನ್ನು ಮಲಗಿಸಿದರು. ಕಿವಿಯಲ್ಲಿ ಹೆಸರು ಹೇಳಿ, ಹೆಂಗಸರು ಹಾಡಲು ಶುರುಮಾಡಿದರು. ಮಗು ಒಂದು ಸಲ ಕಾಲು ಚಾಚಿ, ಮುಖ ಕೆಂಪಗೆ ಮಾಡಿಕೊಂಡು, ನಿರಾಳವಾಗಿ ಒದ್ದೆ ಮಾಡಿತು. ಆ ನೀರು ನಡುವಿನ ಚೌಕ ದಾಟಿ, ಅಂಚು ಕಳೆದುಕೊಂಡ ರೇಷ್ಮೆಯವರೆಗೂ ಹರಡಿತು. ಅಬಾಕಸ್ ತಾಯಿ "ಅದು ನಮ್ಮ ಪೀಸು" ಎಂದು ಮೆಲ್ಲಗೆ ಹೇಳಿದ್ದು ನನಗೊಬ್ಬಳಿಗೇ ಕೇಳಿಸಿತು. ಹುಡುಗಿ ತೊಟ್ಟಿಲಿನ ಅಂಚು ಹಿಡಿದು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ಅಜ್ಜಿ ಮಗುವನ್ನೆತ್ತಿ ನನ್ನ ಕೈಗೆ ಕೊಟ್ಟರು. ಕೌದಿ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೆಳಗಿನ ಸೀರೆಗೆ ಒಂದು ಹನಿಯೂ ಇಳಿದಿರಲಿಲ್ಲ.

"ಚೆನ್ನಾಗಿ ಹೀರಿಕೊಳತ್ತೆ" ಎಂದರು, ಒಪ್ಪಿಕೊಳ್ಳಲು ಇಷ್ಟವಿಲ್ಲದವರ ಧ್ವನಿಯಲ್ಲಿ. "ಇನ್ನು ಇದನ್ನ ಹೊಸದು ಅನ್ನೋರು ಯಾರು? ಒಗೆದು ತಗೊಂಬಾ ಹೋಗೇ, ಇದೇ ಇರಲಿ."

ಹುಡುಗಿ ರೇಷ್ಮೆ ಲಂಗ ಎತ್ತಿ ಕಟ್ಟಿಕೊಂಡು ಬಚ್ಚಲಿಗೆ ಓಡಿದಳು. ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ. ಬಾಲ್ಕನಿಯ ಕಂಬಿಯ ಮೇಲೆ ಕೌದಿ ಹರವಿ, ಎರಡು ಮೂಲೆ ಹಿಡಿದು ಬಿಸಿಲಿಗೆ ಒಡ್ಡಿ ನಿಂತಳು. ಒಳಗೆ ಎಲೆ ಹಾಕಿ, ಹೋಳಿಗೆ ಬಡಿಸಿ, ನಾನೇ ಹೋಗಿ ಎರಡು ಸಲ ಊಟಕ್ಕೆ ಕರೆದರೂ ಬರಲಿಲ್ಲ.

"ಪಾಪು ಏಳೋದ್ರೊಳಗೆ ಒಣಗ್ಬೇಕು ಮಾಮಿ" ಎಂದಳು. "ನೀವು ಹೋಗಿ ಸಾಪಿಡಿ."