ಬೆಲ್ಲ ತಿನ್ನುವ ಟಾಕಿ

ಮೂವತ್ತೊಂದು ವರ್ಷ ನಾನು ಡೊಂಬಿವಲಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಟ್ಟೆ. ಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆದು, ಬಾಣ ಎಳೆದು, ಭಾಗಗಳ ಹೆಸರು ಬಾಯಿಪಾಠ ಮಾಡಿಸಿದೆ. ನಿವೃತ್ತಿಯ ದಿನ ಶಾಲು ಹೊದಿಸಿದರು. ಜೀವಕೋಶದ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಜಂಬ ಹೊತ್ತುಕೊಂಡೇ ಮನೆಗೆ ಬಂದೆ. ಆ ಜಂಬ ಇಳಿಸಿದವರು ಏಳನೇ ಇಯತ್ತೆ ಓದಿದ ಅಂಬಾರಾಯ. ಅವರು ಘೋಡಬಂದರ್ ರಸ್ತೆಯ ನಮ್ಮ ಕಾಂಪ್ಲೆಕ್ಸಿನ ಎರಡನೇ ಬೇಸ್‌ಮೆಂಟಿನಲ್ಲಿ, ನಾವು ಕಾರು ನಿಲ್ಲಿಸುವ ಜಾಗಕ್ಕಿಂತಲೂ ಕೆಳಗೆ, ಕೊಳಚೆ ನೀರಿನ ಟಾಕಿ ನೋಡಿಕೊಳ್ಳುತ್ತಾರೆ.

ನಮ್ಮಲ್ಲಿ ನಾನೂರು ಮನೆ. ಅಷ್ಟೂ ಮನೆಗಳ ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರು ಆ ಟಾಕಿಗೆ ಇಳಿಯುತ್ತದೆ. ಅಲ್ಲಿ ಶುದ್ಧವಾಗಿ ಮತ್ತೆ ನಮ್ಮ ಫ್ಲಶ್‌ಗೂ ತೋಟಕ್ಕೂ ಬರುತ್ತದೆ. ಶುದ್ಧ ಮಾಡುವವರು ಯಾರು ಎಂದು ನಾನು ಕೇಳಿದವಳಲ್ಲ. ಯಾವುದೋ ಯಂತ್ರ ಮಾಡುತ್ತದೆ ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಒಂದು ದಿನ ಲಿಫ್ಟಿನಲ್ಲಿ ತಪ್ಪು ಗುಂಡಿ ಒತ್ತಿ ಒಂದು ಮಹಡಿ ಹೆಚ್ಚಿಗೆ ಇಳಿದುಬಿಟ್ಟೆ. ಅಲ್ಲಿ ಅಂಬಾರಾಯ ಬಕೆಟಿನಲ್ಲಿ ಕರಿ ಬೆಲ್ಲ ಕರಗಿಸಿ ಟಾಕಿಗೆ ಸುರಿಯುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ಎಂತ ಮಾಡ್ತಿದ್ದೀರಿ ನೀವು? ಕಕ್ಕಸಿನ ನೀರಿಗೂ ನೈವೇದ್ಯವಾ?" ಎಂದು ಗದರಿದೆ. ಸಿಟ್ಟಿನಲ್ಲಿ ಕನ್ನಡವೇ ಬಂದಿತ್ತು.

ಅವರಿಗೆ ಸಿಟ್ಟು ಕೇಳಿಸಲಿಲ್ಲ, ಕನ್ನಡ ಕೇಳಿಸಿತು. "ನೀವು ನಮ್ಮ ಕಡಿಯೋರೇನ್ರಿ? ನಾ ಆಳಂದ ಕಡಿಯಾಂವ್ರಿ," ಎಂದು ಮುಖ ಅರಳಿಸಿದರು. ಆಮೇಲೆ ಬಕೆಟ್ ತೋರಿಸಿ, "ಮ್ಯಾಲ ಅರ್ಧ ಮಂದಿ ರಜಾಕ್ಕ ಊರಿಗೆ ಹೋಗ್ಯಾರ್ರಿ. ನೀರೇ ಬರವಲ್ದು. ಇವು ಉಪಾಸ ಬಿದ್ದಾವ," ಎಂದರು.

"ಯಾವುದು?"

"ಕಾಣಂಗಿಲ್ರಿ. ಆದ್ರ ಅದಾವ."

ನಾನು ಟೀಚರು, ಇಂಥ ಮೂಢನಂಬಿಕೆ ನನ್ನ ಹತ್ತಿರ ನಡೆಯುವುದಿಲ್ಲ ಎಂದೆ. "ಹಂಗಾರ ನೀವು ಅಕ್ಕೋರು," ಎಂದು ಅವರು ಕೈ ಮುಗಿದರು. ನಾನು ಮೇಲೆ ಹೋಗಿ ಸೊಸೈಟಿಯ ಸೆಕ್ರೆಟರಿ ಮಾನಸಿಗೆ ಈ ಕಥೆ ಹೇಳಿ ನಗಾಡಿದೆ. ಬೆಲ್ಲವೆಂದರೆ ಇಂಗಾಲ, ಇಂಗಾಲವೆಂದರೆ ಬ್ಯಾಕ್ಟೀರಿಯಾದ ಊಟ. ಪರೀಕ್ಷೆಯಲ್ಲಿ ಕೇಳಿದ್ದರೆ ಥಟ್ಟನೆ ಬರೆಯುತ್ತಿದ್ದೆ. ಕಣ್ಣೆದುರು ನಡೆಯುವಾಗ ಹೊಳೆಯಲಿಲ್ಲ.

ಅಂಬಾರಾಯ ಇಲ್ಲಿಗೆ ಬಂದದ್ದು ಇದೇ ಕಟ್ಟಡದ ಸ್ಲ್ಯಾಬು ಹಾಕಲು. ಕೆಲಸ ಮುಗಿದ ಮೇಲೆ ಜೊತೆಯವರೆಲ್ಲ ಖಾರಘರದ ಸೈಟಿಗೆ ಹೋದರು. ಟಾಕಿಯ ಜಾಲರಿಗೆ ಸಿಕ್ಕ ಕಸ ತೆಗೆಯಲು ಒಬ್ಬ ಆಳು ಬೇಕಿತ್ತು, ಇವರು ಉಳಿದರು. ಹನ್ನೊಂದು ವರ್ಷದಲ್ಲಿ ಐದಾರು ಎಂಜಿನಿಯರುಗಳು ಬಂದು ಹೋದರು. ಟಾಕಿಯ ಗುಣ ಅರಿತದ್ದು ಇವರೊಬ್ಬರೇ, ಅದೂ ಮೂಗಿನಿಂದ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಎಲ್ಲ ಸೌಖ್ಯ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು. ಒಮ್ಮೆ ಕರೆಂಟೂ ಹೋಗಿ ಜನರೇಟರೂ ಕೈಕೊಟ್ಟಾಗ, ಗಾಳಿ ಊದುವ ಬ್ಲೋವರ್ ನಿಂತಿತಂತೆ. ಆಗ ಇವರು ಹೆಂಡತಿ ಭೀಮಮ್ಮನನ್ನು ಕರೆಸಿ, ಇಬ್ಬರೂ ಬಿದಿರಿನ ಗಳ ಹಿಡಿದು ಮಧ್ಯಾಹ್ನವಿಡೀ ಟಾಕಿ ಕಲಕಿದರಂತೆ. ಮೇಲೆ ನಮಗೆ ಯಾರಿಗೂ ಗೊತ್ತೇ ಆಗಲಿಲ್ಲ.

ಇನ್ನು ನನ್ನ ಪ್ರತಾಪ. ದೀಪಾವಳಿಗೆ ಇಪ್ಪತ್ತು ದಿನ ಮುಂಚೆ ನಮ್ಮಲ್ಲಿ ಇಬ್ಬರು ಮಕ್ಕಳಿಗೆ ಟೈಫಾಯ್ಡ್ ಬಂತು. ನಾನು ಮಹಿಳಾ ಸಮಿತಿಯ ಸಭೆ ಕರೆದು ಭಾಷಣ ಹೊಡೆದೆ. ಒಬ್ಬರು ಇವತ್ತು, ಇನ್ನೊಬ್ಬರು ನಾಳೆ ತೊಳೆದರೆ ರೋಗಾಣು ಪೈಪಿನಲ್ಲಿ ಉಳಿಯುತ್ತದೆ, ಎಲ್ಲರೂ ಒಂದೇ ಹೊತ್ತಿಗೆ ಸುರಿಯಬೇಕು ಎಂದೆ. ಮನೆಗೊಂದು ಬಾಟಲಿ ಆಸಿಡ್, ಒಂದು ಬಾಟಲಿ ಫಿನಾಯಿಲು ಹಂಚಿಸಿದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೈಕಿನಲ್ಲಿ ನಾನೇ ಎಣಿಸಿದೆ, ಒಂದು, ಎರಡು, ಮೂರು. ನಾನೂರು ಮನೆಯಲ್ಲಿ ಎಂಟುನೂರು ಬಾಟಲಿ ಖಾಲಿಯಾದವು. ಚಪ್ಪಾಳೆಯೂ ಬಿತ್ತು.

ಮಂಗಳವಾರದ ಹೊತ್ತಿಗೆ ಫ್ಲಶ್ ಒತ್ತಿದರೆ ಹೊಟ್ಟೆ ತೊಳಸುವ ನಾತ. ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಟಾಕಿಯವನು ನಿದ್ದೆ ಮಾಡುತ್ತಾನೆ, ಬೆಲ್ಲ ಹಾಕಿ ಆಟವಾಡುತ್ತಾನೆ, ಅವನನ್ನು ತೆಗೆಯಿರಿ ಎಂದು ಅರ್ಜಿ ಬರೆದವಳು ನಾನು. ಮೊದಲ ಸಹಿಯೂ ನನ್ನದು. ಅವತ್ತೇ ಸಂಜೆ ಟಾಕಿಯ ಗುತ್ತಿಗೆದಾರ ಬಂದು ಅಂಬಾರಾಯರನ್ನು ಕೆಲಸದಿಂದ ತೆಗೆದ.

ಹೋಗುವ ಮುನ್ನ ಅವರು ನನ್ನ ಬಾಗಿಲಿಗೆ ಬಂದಿದ್ದರು. "ಅಕ್ಕೋರ, ನಾ ಬ್ಲೋವರ್ ಬಂದ್ ಮಾಡಿಲ್ರಿ. ಮ್ಯಾಲಿಂದ ಏನೋ ಬಂದೈತಿ. ನೀವು ಓದಿದೋರು, ಒಮ್ಮಿ ಇಳದ ನೋಡ್ರಿ," ಎಂದರು. ಗುತ್ತಿಗೆದಾರರ ಹತ್ತಿರ ಹೇಳಿ ಎಂದು ನಾನು ಬಾಗಿಲು ಹಾಕಿಕೊಂಡೆ.

ಹೊಸ ಆಳು ಬಂದ, ನಾತ ಹೋಗಲಿಲ್ಲ. ಎಂಟನೇ ದಿನ ಗುತ್ತಿಗೆದಾರನ ಕಡೆಯ ಎಂಜಿನಿಯರ್ ಅಭಿಜಿತ್ ಸೂಕ್ಷ್ಮದರ್ಶಕ ತಂದ. ಉಡುಪಿ ಕಡೆಯವರ ಮಗ, ಹುಟ್ಟಿದ್ದು ಠಾಣೆಯಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ನಾನೂ ಕೆಳಗಿಳಿದೆ. ಮೊದಲು ಅವನು ಮೊಬೈಲಿನಲ್ಲಿ ಇದೇ ಟಾಕಿಯ ಹಿಂದಿನ ತಿಂಗಳ ವೀಡಿಯೊ ತೋರಿಸಿದ. ಗಂಟೆಯಾಕಾರದ ವೋರ್ಟಿಸೆಲ್ಲಾ ತೊಟ್ಟಿನ ಮೇಲೆ ಕುಪ್ಪಳಿಸುತ್ತಿದ್ದವು, ಪ್ಯಾರಮೀಸಿಯಂ ಓಡಾಡುತ್ತಿದ್ದವು, ಸುತ್ತ ಬ್ಯಾಕ್ಟೀರಿಯಾದ ಕಂದು ಮುದ್ದೆಗಳು. ನಾನು ವರ್ಷವಿಡೀ ಚಿತ್ರ ಬರೆಸುತ್ತಿದ್ದ ಜೀವಿಗಳೆಲ್ಲ ನನ್ನದೇ ಮನೆಯ ಕೆಳಗೆ, ನನ್ನದೇ ಹೊಲಸು ತಿಂದುಕೊಂಡು ಬದುಕಿದ್ದವು.

ಆಮೇಲೆ ಇವತ್ತಿನ ಹನಿ ನೋಡಿದೆ. ಒಂದೂ ಅಲುಗುತ್ತಿರಲಿಲ್ಲ. ಒಡೆದ ಸಿಪ್ಪೆಗಳು, ಅಷ್ಟೇ.

"ಆಂಟಿ, ಸಬ್ ಮರ್ ಗಯಾ," ಎಂದ ಅಭಿಜಿತ್. ಎಲ್ಲ ಸತ್ತಿವೆ. ಮೇಲಿನಿಂದ ಯಾರಾದರೂ ಆಸಿಡ್, ಫಿನಾಯಿಲು ಸುರಿದರಾ ಎಂದು ಕೇಳಿದ.

ನಾನು ಅಲ್ಲೇ ಬಕೆಟ್ ಮಗುಚಿ ಕುಳಿತೆ. ಆಸಿಡ್ ತಾಗಿದರೆ ಪ್ರೋಟೀನು ಬೇಯಿಸಿದ ಮೊಟ್ಟೆಯ ಹಾಗೆ ಗಟ್ಟಿಯಾಗುತ್ತದೆ, ಪೊರೆ ಒಡೆಯುತ್ತದೆ, ಕೋಶ ಸಾಯುತ್ತದೆ. ಪ್ರತಿ ಜುಲೈ ತಿಂಗಳಲ್ಲಿ ಇದನ್ನು ಹೇಳಿಕೊಟ್ಟವಳು ನಾನು. ಮೈಕ್ ಹಿಡಿದು ಎಣಿಸಿದವಳೂ ನಾನೇ. ಕೋಟಿ ಕೋಟಿ ಜೀವ ಕೊಂದು, ಅವಕ್ಕೆ ಊಟ ಹಾಕುತ್ತಿದ್ದ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದಿದ್ದೆ.

ಅವತ್ತೇ ಮಾನಸಿಯ ಮನೆಗೆ ಹೋಗಿ ತಪ್ಪು ನನ್ನದು ಎಂದು ಬರೆದುಕೊಟ್ಟೆ. ಅವಳು ಹಳೆಯ ಅರ್ಜಿ ತೆಗೆದು, "ಮ್ಯಾಡಮ್, ಪಹಿಲೀ ಸಹೀ ತುಮಚೀಚ ಆಹೇ," ಎಂದು ನನ್ನ ಮೊದಲ ಸಹಿಯ ಮೇಲೆ ಬೆರಳಿಟ್ಟಳು. ಕೊನೆಗೆ ಅವಳು ಹೇಳಿದ್ದಿಷ್ಟು: ಅಂಬಾರಾಯ ಬರಲಿ, ದೀಪಾವಳಿಯೊಳಗೆ ನಾತ ಕಡಿಮೆಯಾಗಲಿ, ಆಗ ಅವರೇ ಇರಲಿ. ಇಲ್ಲದಿದ್ದರೆ ಬೇರೆಯವರಿಗೆ ಗುತ್ತಿಗೆ. ಉಳಿದದ್ದು ಆರು ದಿನ.

ಮರುದಿನ ವಿಳಾಸ ಹಿಡಿದು ಮುಂಬ್ರಾಕ್ಕೆ ಹೋದೆ. ಗುಡ್ಡದ ಬುಡದಲ್ಲಿ ಒಂದೇ ಕೋಣೆಯ ಮನೆ. ಬಾಗಿಲಲ್ಲಿ ಭೀಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವಾ ಅಕ್ಕೋರು? ಬರ್ರಿ, ನಿಮ್ಮ ಟಾಕಿ ನಮ್ಮ ಮನ್ಯಾಗ ಬಂದ ಕುಂತದ ನೋಡ್ರಿ. ನನಗ ಕಾಲ ಚಾಚಾಕ ಜಾಗಾ ಇಲ್ಲ, ಚಾದಾಗ ಹಾಕೋ ಬೆಲ್ಲನೂ ಅದಕ್ಕ."

ಮಂಚದ ಪಕ್ಕ ನೀಲಿ ಡ್ರಮ್ಮು. ಮೀನಿನ ತೊಟ್ಟಿಯ ಸಣ್ಣ ಪಂಪು ಅದರೊಳಗೆ ಗುಳುಗುಳು ಗಾಳಿ ಬಿಡುತ್ತಿತ್ತು. ಬಗ್ಗಿ ಮೂಸಿದೆ. ಮೊದಲ ಮಳೆಯ ಮಣ್ಣಿನ ವಾಸನೆ.

"ಭಾನುವಾರ ನೊರಿ ಬೆಳ್ಳಗಾತ್ರಿ, ವಾಸನಿನೂ ಹುಳಿ," ಎಂದರು ಅಂಬಾರಾಯ. "ಕೆಳಗ ಎರಡು ಟಾಕಿ ಅದಾವಲ್ರಿ, ಮುಂದಿನ ದೊಡ್ಡದು ಹೋತು ಅಂತ ಗೊತ್ತಾತು. ಹಿಂದಿನ ಸಣ್ಣದಕ್ಕ ಇನ್ನೂ ಮುಟ್ಟಿದ್ದಿಲ್ಲ. ಅದರಾಗಿಂದು ಎರಡು ಕ್ಯಾನ್ ತುಂಬಿಕೊಂಡೆ." ಕೆಲಸ ಹೋದ ಮೇಲೂ ಒಂದು ಬಕೆಟ್ ಬೆಲ್ಲದ ನೀರಿಗೆ ಒಂದು ಹಿಡಿ ಯೂರಿಯಾ, ಒಂದು ಚಿಟಿಕೆ ಡಿಎಪಿ ಗೊಬ್ಬರ ಬೆರೆಸಿಟ್ಟು ದಿನಕ್ಕೊಂದು ಲೋಟ ಹಾಕುತ್ತಿದ್ದರಂತೆ. ಇಂಗಾಲ, ಸಾರಜನಕ, ರಂಜಕ. ಜೀವದ ರಸಾಯನವೆಲ್ಲ ಆ ಲೋಟದಲ್ಲಿತ್ತು.

ಆಸಿಡ್ ಸುರಿಸಿದವಳು ನಾನೇ, ನಿಮ್ಮ ಕೆಲಸ ತೆಗೆಸಿದವಳೂ ನಾನೇ, ಕ್ಷಮಿಸಿ ಎಂದೆ. ಮಾನಸಿ ಹಾಕಿದ ಷರತ್ತನ್ನೂ ಹೇಳಿದೆ.

ಅವರು ಡ್ರಮ್ಮಿನ ಅಂಚು ಹಿಡಿದು ಭಾರ ನೋಡಿದರು. ನಂತರ, "ಅದ ಇರ್ಲಿ. ಗಾಡಿ ತಂದೀರೇನ್ರಿ?" ಎಂದರು.

"ಇಷ್ಟು ಸ್ವಲ್ಪ ಸಾಕಾಗ್ತದಾ? ಅಷ್ಟು ದೊಡ್ಡ ಟಾಕಿ."

"ಸಣ್ಣ ಟಾಕಿಲಿಂದ ಸುರು ಮಾಡೂಣ್ರಿ. ಒಂದ ಇದ್ದದ್ದು ಎರಡಾಗ್ತಾವ, ಎರಡು ನಾಕ ಆಗ್ತಾವ. ಊಟ, ಗಾಳಿ ಕೊಟ್ರ ಸಾಕು."

ಆಟೋದಲ್ಲಿ ನಮ್ಮಿಬ್ಬರ ಕಾಲಿನ ನಡುವೆ ಡ್ರಮ್ಮು. ಅಲ್ಲಿ ಕರೆಂಟಿಲ್ಲವಲ್ಲ, ಅಂಬಾರಾಯ ಸೈಕಲ್ ಪಂಪಿಗೆ ಸಿಕ್ಕಿಸಿದ ನಳಿಕೆಯನ್ನು ನೀರಿಗೆ ಇಳಿಬಿಟ್ಟು ಪಂಪನ್ನು ನನ್ನ ಕೈಗೆ ಕೊಟ್ಟರು. ಅವರು ಡ್ರಮ್ಮು ಉರುಳದಂತೆ ಹಿಡಿದರು. ನಾನು ಗಾಳಿ ಹೊಡೆಯುತ್ತ ಹೋದೆ. ದಾರಿಯಲ್ಲಿ ಕಳವಾ ಹತ್ತಿರ ಟ್ರಾಫಿಕ್ ಜಾಮ್ ಆಗಿ ಆಟೋ ನಿಂತಿತು. ತೋಳು ಸೋತು ಒಂದು ಗಳಿಗೆ ಕೈ ಬಿಟ್ಟೆ, ಗುಳ್ಳೆಗಳೂ ನಿಂತವು.

"ನಿಲ್ಲಿಸಬ್ಯಾಡ್ರಿ ಅಕ್ಕೋರ," ಎಂದರು ಅವರು ಮೆಲ್ಲಗೆ. "ಒಮ್ಮಿ ಕೊಂದೀವಿ, ಸಾಕು."

ಕೊಂದವಳು ನಾನೊಬ್ಬಳು. ತಾವೂ ಸೇರಿ ಕೊಂದಂತೆ ಅವರು ಹೇಳಿದರು. ಕಣ್ಣು ಒರೆಸಿಕೊಳ್ಳಲೂ ಕೈ ಬಿಡದೆ ಪಂಪು ಒತ್ತುತ್ತಾ ಕುಳಿತೆ.