ಏನೂ ವಿಶೇಷವಿಲ್ಲದ ಗುರುವಾರ

ಇಪ್ಪತ್ತು ರೂಪಾಯಿ. ಅಂಗಡಿಯವನು ಕೇಳಿದ್ದು ಇಪ್ಪತ್ತೆರಡು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದಕ್ಕೆ ಎರಡು ರೂಪಾಯಿ ಹೆಚ್ಚಂತೆ. ಬಾಟಲಿಯ ಮೇಲೆ ಅಚ್ಚಾದ ಬೆಲೆಯ ಮೇಲೆ ಬೆರಳಿಟ್ಟು, ಅವನ ಮುಖ ನೋಡುತ್ತ ಸುಮ್ಮನೆ ನಿಂತೆ. ವ್ಯಾಪಾರದಲ್ಲಿ ಮಾತಾಡುವುದಕ್ಕಿಂತ ಸುಮ್ಮನೆ ನಿಲ್ಲುವುದರಲ್ಲಿ ಲಾಭ ಹೆಚ್ಚು. ಎರಡು ರೂಪಾಯಿ ಉಳಿಯಿತು. ಆ ಕಿತ್ತಳೆ ಬಣ್ಣದ ಜ್ಯೂಸು ನನಗಲ್ಲ. ಅಂಬ್ಲಿಗೊಳದ ಕಡೆಯಿಂದ ಗಿರಾಕಿಯೊಬ್ಬ ನನ್ನ ಹತ್ತಿರವಿದ್ದ ಹಳೇ ಟಿಲ್ಲರ್ ನೋಡಲು ಬಂದಿದ್ದ. ಶಿಕಾರಿಪುರದ ಬಿಸಿಲಿನಲ್ಲಿ ಬೆಂದು ಬಂದ ಗಿರಾಕಿ ಯಂತ್ರದಲ್ಲಿ ತಪ್ಪು ಹುಡುಕುತ್ತಾನೆ. ಗಂಟಲು ತಣ್ಣಗಾದವನು ಗುಣ ಹುಡುಕುತ್ತಾನೆ. ಅದಕ್ಕೇ ಆ ಖರ್ಚು.

ಅವನು ಮುಚ್ಚಳ ತಿರುಗಿಸಿದ. ಸೀಲು ಟಕ್ಕೆಂದು ಒಡೆದು, ಹಣ್ಣನ್ನೇ ಕಾಣದ ಆ ಸುಳ್ಳು ಕಿತ್ತಳೆ ವಾಸನೆ ಮೂಗಿಗೆ ಬಂತು ನೋಡಿ, ನನ್ನ ತಲೆಯಿಂದ ಟಿಲ್ಲರ್ ಇಳಿದುಹೋಯಿತು. ಜಡೆಯ ಹತ್ತಿರದ ಒಂದು ಮನೆ, ಅಲ್ಲಿನ ಒಂದು ಪ್ಲಾಸ್ಟಿಕ್ ಕುರ್ಚಿ ನೆನಪಾದವು. ಆ ಯೋಚನೆಯಲ್ಲಿ ಗಿರಾಕಿ ಕೇಳಿದ ಬೆಲೆಗೇ ಹೂಂ ಅಂದುಬಿಟ್ಟೆ. ನನ್ನ ಜನ್ಮದಲ್ಲಿ ಹಾಗೆ ಮೊದಲ ಮಾತಿಗೇ ಒಪ್ಪಿದವನಲ್ಲ. ಒಪ್ಪಿದ್ದು ಕಂಡು ಅವನಿಗೇ ಅನುಮಾನ ಬಂದು, ಮತ್ತೆ ಎರಡು ಸುತ್ತು ಯಂತ್ರದ ಸುತ್ತ ತಿರುಗಿದ.

ಅನುಮಾನದ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ನಮ್ಮವಳು ಅದನ್ನು ದುರ್ಗುಣ ಅನ್ನುತ್ತಾಳೆ, ನಾನು ಕಸುಬು ಅನ್ನುತ್ತೇನೆ. ಇಪ್ಪತ್ತನೇ ವಯಸ್ಸಿಗೆ ದನದ ಸಂತೆಯಲ್ಲಿ ದಲ್ಲಾಳಿಯಾಗಿ ಇಳಿದವನು. ಹಲ್ಲು ಉಜ್ಜಿ ವಯಸ್ಸು ಇಳಿಸಿದ ಎತ್ತು, ಎರಡು ಹೊತ್ತು ಹಾಲು ಕರೆಯದೆ ಕೆಚ್ಚಲು ಉಬ್ಬಿಸಿ ತಂದ ಎಮ್ಮೆ, ಅಳುತ್ತ ಮಾರಿ ಮೂಲೆಗೆ ಹೋಗಿ ನಗುವ ಮನುಷ್ಯ, ಎಲ್ಲವನ್ನೂ ನೋಡಿದೆ. ಆಮೇಲೆ ಎತ್ತು ಹೋಗಿ ಟಿಲ್ಲರ್ ಬಂತು, ನಾನೂ ಟಿಲ್ಲರಿಗೆ ಬಂದೆ. ಅನುಮಾನ ಮಾತ್ರ ಜೊತೆಗೇ ಬಂತು. ದೇವರಿಗೆ ಕಾಯಿ ಒಡೆಸಿದರೂ ವಾಪಸು ಬಂದ ಹೋಳು ನನ್ನದೇ ಕಾಯಿಯದೋ ಅಲ್ಲವೋ ಎಂದು ತಿರುಗಿಸಿ ನೋಡುವವನು ನಾನು.

ಈ ಕಸುಬು ಕಲಿಸಿದವನು ಗುಡ್ಡಪ್ಪ. ಜಡೆ ಹತ್ತಿರದ ಹಳ್ಳಿಯವನು, ಊರ ಹೊರಗಿನ ಕೇರಿಯವನು. ನನಗಿಂತ ನಾಲ್ಕು ವರ್ಷ ದೊಡ್ಡವನು. ಆದರೂ ನಾನು ಅವನಿಗೆ ನೀನು ಅನ್ನುವುದು, ಅವನು ನನಗೆ ಗೌಡ್ರೆ ಅನ್ನುವುದು. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ನಿಮಗೆ ಗೊತ್ತಿರಬಹುದು. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ವ್ಯಾಪಾರ. ಗುಡ್ಡಪ್ಪನ ಬೆರಳನ್ನು ಎಂತೆಂಥ ದೊಡ್ಡ ಮನೆಯವರು ಟವೆಲಿನೊಳಗೆ ಅರ್ಧರ್ಧ ಗಂಟೆ ಹಿಡಿದು ಕೂತಿದ್ದನ್ನು ಕಂಡಿದ್ದೇನೆ. ಟವೆಲ್ ತೆಗೆದ ಮೇಲೆ ಅದೇ ಕೈಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಅದನ್ನು ನೋಡಿ ನಾನು ಒಳಗೊಳಗೇ ನಗುತ್ತಿದ್ದೆ. ನಾನು ಹಾಗಲ್ಲವಲ್ಲ! ಸೊರಬದ ಹೋಟೆಲಿನಲ್ಲಿ ನಾವಿಬ್ಬರೂ ಒಂದೇ ಮೇಜಿಗೆ ಕೂತು ಇಡ್ಲಿ ತಿಂದವರು, ಒಂದು ಚಹಾವನ್ನು ಎರಡು ಮಾಡಿಕೊಂಡು ಕುಡಿದವರು.

ಮನೆಯಲ್ಲಿ ಮಾತ್ರ ಅವನಿಗೆ ಹೊರಗಿನ ಕಟ್ಟೆ. ಕಟ್ಟೆಯ ಮೂಲೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಉಂಡು, ತಾನೇ ತೊಳೆದು, ಬೋರಲು ಹಾಕಿ ಹೋಗುತ್ತಿದ್ದ. ಯಾರಾದರೂ ಕೇಳಿದರೆ, ನಮ್ಮವ್ವ ಹಳೇ ಕಾಲದವಳು, ಅವಳ ಮನಸ್ಸು ನೋಯಿಸುವುದು ಬೇಡ ಅನ್ನುತ್ತಿದ್ದೆ. ಅವ್ವ ತೀರಿಕೊಂಡು ಆರು ವರ್ಷವಾದರೂ ತಟ್ಟೆ ಅಲ್ಲೇ ಇತ್ತು. ಆ ಆರು ವರ್ಷ ಅದು ಯಾರ ತಟ್ಟೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಕೇಳಿದವಳು ಮಗಳು ಸವಿತಾ. ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿದ್ದೆ. ನಮ್ಮಲ್ಲಿ ಮನೆಮಗಳು ನೀರಿನ ಕುಂಭ ಹೊತ್ತು ಮೊದಲು ಹೊಸ್ತಿಲು ದಾಟಬೇಕು. ಸೀರೆ ತಂದಾಗಿತ್ತು, ಕುಂಭಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಾಗಿತ್ತು. ಊಟದ ಲೆಕ್ಕ ಹಾಕುತ್ತ ಕೂತಿದ್ದಾಗ ಅವಳು ಬಂದು ಎದುರಿಗೆ ಕೂತಳು.

"ಅಪ್ಪಾಜಿ, ಹಳೇ ಮನೆ ಕಟ್ಟೆ ಮೇಲಿನ ತಟ್ಟೆ ಹೊಸ ಮನೇಲಿ ಎಲ್ಲಿಡ್ತೀರಿ?"

ನಾನು ಏನೋ ಗೊಣಗಿದೆ. ಅವಳು ಬಿಡಲಿಲ್ಲ. "ಗುಡ್ಡಪ್ಪಣ್ಣ ಒಳಗೆ ಕೂತು ಉಣ್ಣಬೇಕು. ಇಲ್ಲಾಂದ್ರೆ ನಾನು ಕುಂಭ ಹೊರಲ್ಲ. ಬೇರೆ ಯಾರ ಹತ್ರನಾದ್ರೂ ಹೊರಿಸ್ಕೊಳ್ಳಿ."

ಒಬ್ಬಳೇ ಮಗಳು. ಅವಳು ಹೊರದಿದ್ದರೆ ನೆಂಟರೆದುರು ನನ್ನ ಗತಿಯೇನು? ಸಿಟ್ಟಿಗಿಂತ ಮೊದಲು ಬಂದದ್ದು ಅನುಮಾನ. ಇದನ್ನು ಹೇಳಿಕೊಟ್ಟವರು ಯಾರು? ಮೊದಲು ಕಾಲೇಜಿನ ಮೇಷ್ಟ್ರ ಮೇಲೆ ಅನುಮಾನಪಟ್ಟೆ. ಆಮೇಲೆ ಅವಳ ಗೆಳತಿಯರ ಮೇಲೆ. ಕೊನೆಗೆ, ನಾಚಿಕೆಯಾಗುತ್ತದೆ ಹೇಳಲು, ಗುಡ್ಡಪ್ಪನ ಮೇಲೆಯೇ. ಮುಂದಿನ ವ್ಯಾಪಾರದಲ್ಲಿ ಪಾಲು ಹೆಚ್ಚು ಕೇಳಲು ಈಗಲೇ ಮೊಳೆ ಹೊಡೆಯುತ್ತಿದ್ದಾನೆ ಅನ್ನಿಸಿತು. ಮನೆಯ ಒಳಗೆ ಬಂದವನು ನಾಳೆ ಲೆಕ್ಕದೊಳಗೂ ಬರುತ್ತಾನಲ್ಲ!

ದೇವರನ್ನೇ ಕೇಳಿಬಿಡೋಣ ಅಂತ ನಮ್ಮೂರ ಅಮ್ಮನ ಗುಡಿಗೆ ಹೋದೆ. ಅಮ್ಮನ ಮೂರ್ತಿಗೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಗುಡ್ಡಪ್ಪ ಒಳಗೆ ಬರದೇ ಇದ್ದರೆ ನಡೆದೀತೇ ತಾಯಿ ಎಂದು ಕೇಳಿದೆ. ಕಾಲು ಗಂಟೆಯಲ್ಲಿ ಎಡಗಡೆಯ ಹೂ ಬಿತ್ತು. ನಾನು ಪೂಜಾರಿಗೆ, ಪ್ರಶ್ನೆ ಸರಿಯಾಗಿ ಕೇಳಿರಲಿಲ್ಲ, ಇನ್ನೊಂದು ಸಲ ಹೂ ಇಡಿ ಅಂದೆ. ಎರಡನೇ ಸಲ ಎರಡೂ ಕಡೆಯವು ಬೀಳಲೇ ಇಲ್ಲ. ಹೊಟ್ಟೆ ಹಸಿದು ಎದ್ದು ಬಂದೆ. ಮನೆಯಲ್ಲಿ ನಡೆದದ್ದು ಹೇಳಿದರೆ ಮಗಳು ಕೇಳಿದಳು, "ಅಮ್ಮನ ಹತ್ರನೂ ಚೌಕಾಸಿ ಮಾಡಿ ಬಂದ್ರಾ?" ದೇವರು ನಂಬಿಕೆಯ ವಿಷಯ ಅನ್ನುತ್ತಾರೆ. ಆದರೆ ನಮಗೆ ಬೇಕಾದ ಉತ್ತರ ಬರುವವರೆಗೆ ಕೇಳುತ್ತಲೇ ಇದ್ದರೆ ನಂಬದವರು ನಾವೇ ಎಂಬುದು ಅಂದು ಸ್ವಲ್ಪ ಹೊಳೆಯಿತು. ಸ್ವಲ್ಪವೇ.

ಮಾರನೆಯ ದಿನ ಬೈಕು ಹತ್ತಿ ಗುಡ್ಡಪ್ಪನ ಮನೆಗೆ ಹೊರಟೆ. ಮೂವತ್ತೆರಡು ವರ್ಷದ ಜೊತೆಯಲ್ಲಿ ಅವನ ಮನೆಯ ಒಳಗೆ ಹೋದವನಲ್ಲ. ರಸ್ತೆಯಲ್ಲಿ ನಿಂತು ಹಾರನ್ ಹೊಡೆಯುತ್ತಿದ್ದೆ, ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ಅಂದು ಬೈಕು ನಿಲ್ಲಿಸಿ ಒಳಗೇ ನಡೆದೆ. ಅವನ ಹೆಂಡತಿ ನೀಲಮ್ಮ ಗಾಬರಿಯಾಗಿ ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿದಳು. ಮರುಕ್ಷಣವೇ ನನ್ನ ಮುಂದೆ ಒಂದು ಕಿತ್ತಳೆ ಜ್ಯೂಸಿನ ಬಾಟಲಿ, ಒಂದು ಬಿಸ್ಕತ್ ಪ್ಯಾಕೆಟ್ ಬಂದವು. ಎರಡರ ಸೀಲೂ ಒಡೆದಿರಲಿಲ್ಲ.

ನನ್ನ ತಲೆ ಓಡಿತು. ಇಷ್ಟು ಬೇಗ ಬಾಟಲಿ ಎಲ್ಲಿಂದ ಬಂತು? ನಾನು ಬರುವುದು ಇವರಿಗೆ ಮೊದಲೇ ಗೊತ್ತಿತ್ತೇ? ಮಗಳೇ ಫೋನ್ ಮಾಡಿರಬೇಕು. ಹಾಗೆ ಕಣ್ಣಾಡಿಸಿದರೆ ಗೋಡೆಯ ಗೂಡಿನಲ್ಲಿ ಅಂಥವೇ ಇನ್ನೂ ಮೂರು ಬಾಟಲಿ ಸಾಲಾಗಿ ನಿಂತಿದ್ದವು. ಒಂದರ ಮೇಲೆ ಧೂಳು.

ಯಾರಿಗೆ ಇವೆಲ್ಲ ಎಂದು ಕೇಳಿದೆ. ಗುಡ್ಡಪ್ಪ ಹೇಳಿದ. ಓಟಿನವರು ಬರುತ್ತಾರೆ, ಸರ್ವೇಯವರು ಬರುತ್ತಾರೆ, ಸಾಲ ಕೊಡುವವರು ಬರುತ್ತಾರೆ. ಕಾಫಿ ಕೊಟ್ಟರೆ ಈಗಷ್ಟೇ ಆಯಿತು ಅನ್ನುತ್ತಾರೆ. ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತು, ಎದ್ದು ಹೋಗುವಾಗ ಕೆಳಗಿಟ್ಟು ಹೋಗುತ್ತಾರೆ. ಬಾಟಲಿಯಾದರೆ ಇಬ್ಬರಿಗೂ ಮುಜುಗರವಿಲ್ಲ.

ಮೂವತ್ತೆರಡು ವರ್ಷ ಎತ್ತಿನ ಹಲ್ಲು ನೋಡಿದವನಿಗೆ ಆ ಗೂಡು ಕಂಡಿರಲಿಲ್ಲ. ನನಗೂ ಅದೇ ಬಾಟಲಿ ಕೊಟ್ಟಿದ್ದಾರೆ ಎಂಬುದು ಆಗ ತಲೆಗೆ ಹೋಯಿತು. ಬಾಟಲಿ ಪಕ್ಕಕ್ಕೆ ಸರಿಸಿ, ನೀಲಮ್ಮ, ಮನೆ ಕಾಫಿ ಇದ್ದರೆ ಕೊಡು ಅಂದೆ. ಅವಳು ಗಂಡನ ಮುಖ ನೋಡಿದಳು. ಗುಡ್ಡಪ್ಪ ನನ್ನನ್ನು ನೋಡಿದ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಎತ್ತನ್ನು ನೋಡುವ ಕಣ್ಣು ಅದು.

"ಎಂತಕ್ಕೆ ಗೌಡ್ರೆ? ಇಷ್ಟು ವರ್ಷ ಇಲ್ಲದ್ದು ಇವತ್ತು ಬಂತು ಅಂದ್ರೆ, ಎತ್ತಿನ ಮೈಮೇಲೆ ಎಲ್ಲೋ ಕೆಟ್ಟ ಸುಳಿ ಇರ್ಬೇಕು. ಮೊದಲು ಅದು ತೋರಿಸ್ರೀ."

ಹೇಳಿದೆ. ಮಗಳ ಹಟ, ಕುಂಭದ ವಿಷಯ, ಹೂವಿನ ವಿಷಯ ಕೂಡ. ಅವನ ಮೇಲೆ ಅನುಮಾನಪಟ್ಟದ್ದನ್ನು ಮಾತ್ರ ಹೇಳಲಿಲ್ಲ. ಹೇಳದಿದ್ದರೂ ಅವನಿಗೆ ತಿಳಿಯಿತು ಅನ್ನಿಸುತ್ತದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಸುಮ್ಮನಿರುವುದನ್ನು ನನಗೆ ಕಲಿಸಿದವನೇ ಅವನಲ್ಲವೇ.

"ಅವತ್ತು ಬರಲ್ಲ," ಅಂದ. "ಅವತ್ತು ನೂರು ಜನ ಇರ್ತಾರೆ. ನಾನು ಉಣ್ಣೋದನ್ನ ನೋಡೋಕೆ ಅರ್ಧ ಜನ, ನೀವು ಉಣ್ಸೋದನ್ನ ನೋಡೋಕೆ ಅರ್ಧ ಜನ. ಅದು ಊಟ ಅಲ್ಲ. ಹಬ್ಬ ಅಲ್ಲದ, ಅಮಾಸೆ ಅಲ್ಲದ ಒಂದು ಗುರುವಾರ ಕರೀರಿ. ಏನಿರ್ತದೋ ಅದೇ ಹಾಕ್ರೀ. ಆಮೇಲಿನ ಗುರುವಾರನೂ ಕರೀಬೇಕು. ಅದಾಗೋದಾದ್ರೆ ಆತು, ಇಲ್ದಿದ್ರೆ ಕಟ್ಟೆನೇ ಇರ್ಲಿ. ಕಟ್ಟೆ ಮೇಲೆ ಗಾಳಿನಾದ್ರೂ ಬರ್ತದೆ."

ಕಾಫಿ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ದಾರಿಯುದ್ದಕ್ಕೂ ಇದರೊಳಗೆ ಏನು ಹಂಚಿಕೆ ಇದೆ ಎಂದು ಯೋಚಿಸಿದೆ. ಗೃಹಪ್ರವೇಶದ ಊಟವಾದರೆ ಒಂದೇ ದಿನ, ಮುಗಿದುಹೋಗುತ್ತಿತ್ತು. ಅವನು ಕೇಳಿದ್ದು ವರ್ಷದ ಎಲ್ಲ ಗುರುವಾರ. ಟವೆಲ್ ಇಲ್ಲದೆಯೂ ಅವನು ನನಗಿಂತ ದೊಡ್ಡ ವ್ಯಾಪಾರಿ.

ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ನಂಬಲಿಲ್ಲ. "ಇದು ನಿಮ್ಮ ದಲ್ಲಾಳಿ ಮಾತು ಅಪ್ಪಾಜಿ" ಅಂದಳು. ನನ್ನ ಎದುರಿಗೇ ಗುಡ್ಡಪ್ಪನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ವಿಚಾರಿಸಿದಳು. ಹೆತ್ತ ಅಪ್ಪನ ಮಾತಿಗೆ ಸಾಕ್ಷಿ ಬೇಕಾಯಿತು. ನನಗೆ ಬಹಳ ಸಿಟ್ಟು ಬಂತು. ಆಮೇಲೆ, ಈ ಗುಣ ಅವಳಿಗೆ ಯಾರಿಂದ ಬಂದದ್ದು ಎಂದು ನೆನಪಾಗಿ ಸುಮ್ಮನಾದೆ. ಗುಡ್ಡಪ್ಪ ಹೌದು ಅಂದರೂ, ಅವನು ಒಳಗೆ ಕೂತು ಉಂಡ ಮೇಲಲ್ಲವೇ ನಂಬುವುದು ಎಂದು, ಗೃಹಪ್ರವೇಶದ ದಿನ ಅವಳು ಕುಂಭ ಹೊರಲಿಲ್ಲ. ನನ್ನ ತಮ್ಮನ ಮಗಳು ಹೊತ್ತಳು. ನೆಂಟರು ಏನೇನೋ ಅಂದರು. ನಮ್ಮವಳು ಸ್ಟೋರ್ ರೂಮಿನಲ್ಲಿ ನಿಂತು ಕಣ್ಣೊರೆಸಿಕೊಂಡಳು. ಸವಿತಾ ದಿನವಿಡೀ ಬಡಿಸುತ್ತಲೇ ಇದ್ದಳು, ನನ್ನ ಎಲೆಗೂ ಬಡಿಸಿದಳು, ಮುಖ ಮಾತ್ರ ನೋಡಲಿಲ್ಲ.

ಮುಂದಿನ ಗುರುವಾರ ಗುಡ್ಡಪ್ಪ ಬಂದ. ಅಭ್ಯಾಸಬಲ, ಮೆಟ್ಟಿಲ ಹತ್ತಿರ ನಿಂತು ಕಟ್ಟೆಗಾಗಿ ಕಣ್ಣಾಡಿಸಿದ. ಹೊಸ ಮನೆಗೆ ಕಟ್ಟೆಯೇ ಇರಲಿಲ್ಲ. ಬಾ ಅಂದೆ. ಬಂದ. ಅಡುಗೆಮನೆಯ ಪಕ್ಕ ನಾವಿಬ್ಬರೂ ಕೂತೆವು. ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಬೇಳೆ ಸಾರು. ಅವನು ತಲೆ ಬಗ್ಗಿಸಿ ಉಂಡ, ನಾನು ಉಪ್ಪು ಸಾಕೇ ಎಂದು ಮೂರು ಸಲ ಕೇಳಿದೆ. ಟಿಲ್ಲರಿನ ಮಾತು ಬಂದ ಮೇಲೆ ಇಬ್ಬರಿಗೂ ಉಸಿರಾಡಲು ಸುಲಭವಾಯಿತು.

ಊಟ ಮುಗಿಯಿತು. ಅವನು ತಟ್ಟೆ ಹಿಡಿದು ಎದ್ದ. ತೊಳೆಯುವುದು ತನ್ನ ಕೆಲಸ ಎಂಬಂತೆ ಹೊರಗೆ ಹೊರಟ. ನಾನು ಕೈ ಚಾಚಿದೆ. ಅವನು ಬಿಡಲಿಲ್ಲ. "ಬಿಡ್ರೀ ಗೌಡ್ರೆ, ಎಂಜಲು." ನಾನೂ ಬಿಡಲಿಲ್ಲ. ತಟ್ಟೆಯ ಎರಡು ಅಂಚು ಹಿಡಿದು ಇಬ್ಬರು ಮುದುಕರು ಎಳೆದಾಡಿದೆವು. ಕೊನೆಗೆ ಅವನು ಕೈ ಸಡಿಲಿಸಿದ.

ಸಿಂಕಿನಲ್ಲಿ ತಟ್ಟೆ ತೊಳೆದೆ. ಎದೆಯುಬ್ಬಿತು, ಸುಳ್ಳು ಹೇಳುವುದಿಲ್ಲ. ಯಾರಾದರೂ ನೋಡಲಿ ಅನ್ನಿಸಿತು. ಸೋಪು ಹಾಕಿ ತಿಕ್ಕಿ ತೊಳೆದು, ಇನ್ನೊಮ್ಮೆ ಸೋಪು ಹಾಕಿದೆ. ಹಿಂದೆ ಬಾಗಿಲಲ್ಲಿ ಸವಿತಾ ನಿಂತಿದ್ದಳು.

"ಒಂದು ಸಲ ಸಾಕು ಅಪ್ಪಾಜಿ," ಅಂದಳು, ಮೆಲ್ಲಗೆ, ಅವನಿಗೆ ಕೇಳಿಸದ ಹಾಗೆ.

ನನ್ನ ತಟ್ಟೆಯನ್ನು ಒಂದೇ ಸಲ ತೊಳೆದು ಪಕ್ಕಕ್ಕೆ ಇಟ್ಟಿದ್ದೆ. ಅದು ನನಗೆ ಗೊತ್ತೇ ಆಗಿರಲಿಲ್ಲ, ಕೈಗೆ ಗೊತ್ತಿತ್ತು. ಊರೆಲ್ಲರ ಮೇಲೆ ಅನುಮಾನಪಟ್ಟವನು ಆ ಒಂದು ಕೈಯ ಮೇಲೆ ಅನುಮಾನಪಟ್ಟಿರಲಿಲ್ಲ. ಆ ಕೈ ಕಲಿಯಲು ಎಷ್ಟು ಗುರುವಾರ ಹಿಡಿಯಿತು ಎಂದು ನಾನು ಎಣಿಸಲಿಲ್ಲ. ಗುಡ್ಡಪ್ಪನ ಮನೆಯ ಕಾಫಿ ನನಗೆ ಸಿಗಲು ಮಾತ್ರ ಮತ್ತೂ ಎಂಟು ತಿಂಗಳು ಬೇಕಾಯಿತು. ಅದೂ ಕರೆದು ಕೊಟ್ಟದ್ದಲ್ಲ. ಮೊಮ್ಮಗುವಿಗೆ ಜ್ವರ ಬಂದ ಗಡಿಬಿಡಿಯಲ್ಲಿ ನೀಲಮ್ಮ ಬಾಟಲಿಯ ವಿಷಯ ಮರೆತು, ತಾವು ಕುಡಿಯುವ ಲೋಟದಲ್ಲೇ ನನಗೂ ತಂದಿಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು. ನಾನು ಹೇಳಲಿಲ್ಲ.

ನೀವು ಕೇಳದಿದ್ದರೂ ಹೇಳುವುದು ನನ್ನ ಚಟ. ಕಟ್ಟೆಯಲ್ಲಿ ಕೂರಿಸಿದವರನ್ನು ಒಳಗೆ ಕರೆಯುವ ಮನಸ್ಸಿದ್ದರೆ ಹಬ್ಬಕ್ಕೆ, ಕಾರ್ಯಕ್ಕೆ ಕರೆಯಬೇಡಿ. ಕೆಲಸವಿಲ್ಲದ ದಿನ ಕರೆಯಿರಿ, ಸಾರು ತೆಳ್ಳಗಿದ್ದರೂ ಚಿಂತೆಯಿಲ್ಲ. ಅವರು ನಿಮ್ಮನ್ನು ಅನುಮಾನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಒಳ್ಳೆಯ ವ್ಯಾಪಾರಿ ಸುಳಿ ನೋಡಿಯೇ ನೋಡುತ್ತಾನೆ. ಅವರ ಮನೆಯ ಕಾಫಿಯನ್ನು ನೀವಾಗಿ ಎರಡನೇ ಸಲ ಕೇಳಬೇಡಿ, ಬರುವವರೆಗೆ ಕಾಯಿರಿ. ತಟ್ಟೆ ನೀವೇ ತೊಳೆಯಿರಿ. ತೊಳೆಯುವಾಗ ಹಿಂದೆ ಯಾರಾದರೂ ನಿಂತಿರಲಿ. ನಿಮ್ಮ ಮಾತನ್ನು ನಂಬದ ಮಗಳಿದ್ದರೆ ಅವಳೇ ಆಗಬಹುದು.