ಮಹಾದೇವಿಯ ಹಾಡಿನಲ್ಲಿ ನನ್ನ ಹೆಸರು

ಕೆಲಸಕ್ಕೆ ಹಾಜರಾಗಲು ಹೊರಟ ಮೊದಲ ದಿನ, ಬಸ್ಸು ಕೊಡೇಕಲ್ ದಾಟಿದ ಮೇಲೆ ನನ್ನ ಕಿವಿಯಲ್ಲಿದ್ದ ಹಾಡು ಅರ್ಧ ಸಾಲಿಗೇ ನಿಂತುಹೋಯಿತು. ಸಿಗ್ನಲ್ ಇಲ್ಲ. ಕಿವಿಯಿಂದ ವೈರು ತೆಗೆದದ್ದೇ ತಡ, ಪಕ್ಕದ ಹೆಂಗಸು ಜಗಳಕ್ಕೆ ನಿಂತವರ ದನಿಯಲ್ಲಿ, “ಯಾವೂರ್ರಿ? ಗಂಡ ಎಲ್ಲಿರ್ತಾನ? ಒಬ್ಬಾಕಿನೇ ಬಂದೀರೇನು?” ಎಂದು ಕೇಳಿದರು. ನಾನು ಬೆಚ್ಚಿಬಿದ್ದೆ. ಅದು ಇಲ್ಲಿನ ಅಕ್ಕರೆಯ ದನಿ ಎಂದು ತಿಳಿಯಲು ಬಹಳ ದಿನ ಬೇಕಾಯಿತು.

ನಾನು ಮದ್ದೂರಿನವಳು, ಕೊಡೇಕಲ್ ಆಚೆಯ ಹಳ್ಳಿಯೊಂದರ ಆಸ್ಪತ್ರೆಗೆ ಬಂದ ನರ್ಸ್. ನನ್ನವರಿಗೆ ಮೈಸೂರಿನ ಕೆಲಸ ಬಿಡಲಾಗದು, ನನಗೆ ಈ ನೌಕರಿ ಬಿಡಲಾಗದು. ಸುರಪುರದಲ್ಲಿ ಶರಣಮ್ಮ ಎಂಬವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮುದ್ದೆ ನುಂಗುವ ನಾನು ಜೋಳದ ರೊಟ್ಟಿ ಅಗಿಯುವುದನ್ನು ಕಲಿತೆ. ಬಿಸಿಲನ್ನು ಮಾತ್ರ ಇನ್ನೂ ಕಲಿತಿಲ್ಲ, ಕಲಿಯುವ ಆಸೆಯೂ ಇಲ್ಲ.

ಸಿಗ್ನಲ್ ಇಲ್ಲದ ದಾರಿಗೆ ಉಪಾಯವೊಂದಿತ್ತು. ಮೈಸೂರಿನಿಂದ ತಂದ ಹಳೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಾಡುಗಳಿದ್ದವು. ಭಾನುವಾರ ಫೋನಿಗೆ ವೈರು ಸಿಕ್ಕಿಸಿ ‘ಸಿಂಕ್’ ಒತ್ತುತ್ತಿದ್ದೆ. ಕಂಪ್ಯೂಟರಿನ ಹಾಡಿನ ಫೋಲ್ಡರ್ ಹೇಗಿದೆಯೋ ಫೋನಿನದೂ ಹಾಗೇ ಆಗುತ್ತಿತ್ತು. ವಾರವಿಡೀ ಬಸ್ಸಿನಲ್ಲಿ ಯಾರ ಹಂಗೂ ಇಲ್ಲದೆ ಕೇಳುತ್ತಿದ್ದೆ. ಶರಣಮ್ಮ ಒಮ್ಮೆ ಕಿವಿಗಿಟ್ಟು ಕೇಳಿ, “ಇವರಿಗೆ ಹೊಟ್ಟಿಗಿ ಹಾಕಿಲ್ಲೇನ್ರಿ, ದನೀನೇ ಇಲ್ಲ” ಎಂದು ನಕ್ಕಿದ್ದರು.

ಪಂಚಮಿಗೆ ಅವರ ಮಗಳು ಮಹಾದೇವಿ ತವರಿಗೆ ಬಂದಳು. ಹಬ್ಬ ಮುಗಿಸಿ ಗಂಡನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟಾಗ ಶರಣಮ್ಮ ಮಗಳ ಉಡಿ ತುಂಬಿದರು. ಉಡಿ ಎಂದರೆ ನಮ್ಮ ಮಡಿಲು. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಕುಪ್ಪಸದ ಬಟ್ಟೆ ಹಾಕುತ್ತಾ ಹಾಡಿದರು. ಹಾಡಿನಲ್ಲಿ ಮತ್ತೆ ಮತ್ತೆ ಮಗಳ ಹೆಸರು ಬರುತ್ತಿತ್ತು. ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

“ಸಿಸ್ಟರ, ಅದನ್ನ ನನಗ ಕಳಸ್ರಿ. ಅಲ್ಲಿ ಅವ್ವನ ದನಿ ಇಲ್ದ ನನಗ ಹೊತ್ತ ಹೋಗಂಗಿಲ್ಲ,” ಎಂದಳು ಮಹಾದೇವಿ.

ಸಂಜೆ ಕಳಿಸುತ್ತೇನೆ ಎಂದು ಅದನ್ನು ಫೋನಿನ ಹಾಡುಗಳ ಜೊತೆಗೇ ಇಟ್ಟೆ. ಅಂದು ಭಾನುವಾರ. ರೂಢಿಯಂತೆ ಸಿಂಕ್ ಒತ್ತಿದೆ. ಕಂಪ್ಯೂಟರಿನಲ್ಲಿ ಆ ಹಾಡು ಇರಲಿಲ್ಲವಲ್ಲ, ಅದು ಫೋನಿನಲ್ಲಿದ್ದದ್ದನ್ನೂ ಅಳಿಸಿಹಾಕಿತು. ಎಷ್ಟು ತಡಕಿದರೂ ಸಿಗಲಿಲ್ಲ.

ಅಷ್ಟರಲ್ಲಿ ಮಹಾದೇವಿ ಹೊರಟುಹೋಗಿದ್ದಳು. ಕೂಡಲೇ ಹೋಗಿ ಅವಳ ತಾಯಿಗೆ ಹೇಳಿದೆ. ಶರಣಮ್ಮ ಸಿಟ್ಟಾಗಲಿಲ್ಲ. “ಹಾಗಾದ್ರೆ ಇನ್ನೊಮ್ಮೆ ಹಾಡಿಬಿಡಿ, ಈಗಲೇ ಕಳಿಸುತ್ತೇನೆ,” ಎಂದೆ. ಅದಕ್ಕೆ ಮಾತ್ರ ಒಪ್ಪಲಿಲ್ಲ.

“ಖಾಲಿ ಉಡಿಗಿ ಹಾಡಬಾರದ್ರಿ. ಮುಂದ ಮಗಳು ಕುಂತಿರಬೇಕು, ಉಡ್ಯಾಗ ಅಕ್ಕಿ ಬೀಳಬೇಕು. ಆಕಿ ಮತ್ತ ಬರ್ಲಿ, ಹಾಡ್ತೀನಿ.”

ಮತ್ತೆ ಬರುವುದು ಯಾವಾಗಲೋ. ಪುಣೆಯಿಂದ ಮಹಾದೇವಿ ಫೋನು ಮಾಡಿದಾಗಲೆಲ್ಲ, “ಹಾಡು ಸಿಕ್ಕಿತೇನ್ರಿ?” ಎಂದೇ ಕೇಳುತ್ತಿದ್ದಳು. ನನಗೆ ಆ ಫೋನು ಎತ್ತಲೇ ಸಂಕಟ.

ದೀಪಾವಳಿಗೆ ರಜೆ ಸಿಕ್ಕಿತು. ಯಾದಗಿರಿಯಲ್ಲಿ ರೈಲು ಹಿಡಿಯಬೇಕು, ಚೀಲ ಕಟ್ಟುತ್ತಿದ್ದೆ. ಶರಣಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಕರೆದರು.

“ಬಾರವ್ವಾ, ಕುಂದ್ರು ಇಲ್ಲಿ. ಸೆರಗ ಒಡ್ಡು. ಮೊದಲ ಆ ಫೋನ್ ಚಾಲೂ ಮಾಡು.”

ಅಷ್ಟು ದಿನ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದ್ದವರು. ನಾನು ಫೋನು ಚಾಲೂ ಮಾಡಿ, ಸೆರಗೊಡ್ಡಿ ಕೂತೆ. ಸೆರಗಿಗೆ ಅಕ್ಕಿ ಬಿತ್ತು, ಹಾಡು ಶುರುವಾಯಿತು. ಮಹಾದೇವಿ ಎಂದು ಬರಬೇಕಾದಲ್ಲಿ ಗೀತಾ ಎಂದು ನನ್ನ ಹೆಸರು ಬಂತು. ಯಾರ ಉಡಿಯೋ ಅವರದೇ ಹೆಸರು, ಅದನ್ನು ಬದಲಿಸುವಂತಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಸುರಪುರ ಬಿಡುವ ಮೊದಲೇ ಕಂಪ್ಯೂಟರಿಗೆ ಒಂದು ಪ್ರತಿ ಹಾಕಿದೆ, ಮಹಾದೇವಿಗೆ ಕಳಿಸಿದೆ. ತನ್ನ ತಾಯಿಯ ಬಾಯಲ್ಲಿ ನನ್ನ ಹೆಸರು ಕೇಳಿ ಏನೆಂದುಕೊಳ್ಳುವಳೋ ಎಂಬ ಅಳುಕಿತ್ತು. ರೈಲು ಹತ್ತುವ ಹೊತ್ತಿಗೆ ಅವಳ ಫೋನು ಬಂತು.

“ನನ್ನ ಜಾಗಾದಾಗ ನೀವು ಕುಂತೀರಲ್ರಿ ಅಕ್ಕಾ,” ಎಂದು ನಕ್ಕಳು. “ಇರ್ಲಿ. ಅವ್ವನ ಮುಂದ ಯಾರರೆ ಒಬ್ಬರು ಕುಂತಿರಬೇಕು,” ಎಂದಳು.

ಮದ್ದೂರಿನಲ್ಲಿ ನಮ್ಮಮ್ಮನಿಗೂ ಕೇಳಿಸಿದೆ.

“ಯಾರವ್ವ ಇದು, ನಿನ್ ಹೆಸ್ರು ಹೇಳ್ಕೊಂಡು ಹಾಡ್ತಾವ್ಳೆ?”

“ನಮ್ಮನೆಯವರು,” ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ನಾನು ಯಾವ ಮನೆಯ ಮಾತಾಡುತ್ತಿದ್ದೇನೆಂದು ನನಗೂ ಆಗಲೇ ಹೊಳೆದದ್ದು.

ರಜೆ ಮುಗಿಸಿ ಹೊರಟ ದಿನ, ಹಾಡು ಬಾರದ ನಮ್ಮಮ್ಮ ನನ್ನ ಮಡಿಲಿಗೆ ಅಕ್ಕಿ ಹಾಕಿ ಫೋನು ಮುಂದಿಟ್ಟಳು.

“ಆ ಯಮ್ಮನ್ ಕೈಲೇ ಹಾಡ್ಸು,” ಎಂದಳು.